ಅಂದಿಗೆ ಸರಿ

"ಬದಲಾಯಿಸಲೇಬೇಕಾ?"
ಕೇಳುತ್ತಾಳೆ ನೆಸ್ಟಾ ಪ್ರೊಬರ್ಟ್,
ಶಾಲೆಯ ಬಸ್ಸು ಓಡಿಸಿ ಬಂದವಳು, ಹಳದಿ ಜಾಕೆಟ್ಟು ಇನ್ನೂ ಮೈಮೇಲೆ.
ಸತ್ತ ಚಿಕ್ಕಮ್ಮನಿಂದ ಮನೆ ಬಂತು, ಬ್ಯಾಂಕಿನಿಂದ ಕಾಗದ ಬಂತು,
ನಾನು ಬಂದೆ. ಮೆಟ್ಟಿಲ ಕೆಳಗೆ ಮಂಡಿಯೂರಿ ಕೂತಿದ್ದೇನೆ
ಕಂದು ಬೇಕಲೈಟಿನ ಫ್ಯೂಸು ಪೆಟ್ಟಿಗೆಯ ಮುಂದೆ.

ಬೇಕಾ ಅಂದರೆ,
ಪುಸ್ತಕ ಹಾಗೆ ಹೇಳುವುದಿಲ್ಲ ತಾಯಿ.
ಪುಸ್ತಕ ನಾಲ್ಕೈದು ವರ್ಷಕ್ಕೊಮ್ಮೆ ರಟ್ಟಿನ ಬಣ್ಣ ಬದಲಿಸುತ್ತದೆ,
ಕೆಂಪಿತ್ತು, ಹಸಿರಾಯಿತು, ನೀಲಿಯಾಯಿತು,
ಆದರೆ ಹಿಂದಕ್ಕೆ ನಡೆದು ಬಂದು
ಯಾರ ಮನೆಯ ಕದವನ್ನೂ ತಟ್ಟುವುದಿಲ್ಲ.
ಹಾಕಿದ ದಿನ ಸರಿಯಿದ್ದದ್ದು ಇವತ್ತು ಹಳತು, ಅಷ್ಟೆ.
ಹಳತು ಬೇರೆ, ತಪ್ಪು ಬೇರೆ, ಅಪಾಯ ಬೇರೆ.
ಈ ಮೂರನ್ನು ಕಲಸದೆ ಹಿಡಿಯುವುದಕ್ಕೇ ನನಗೆ ಕೂಲಿ.

ಮುಚ್ಚಳ ಬಿಚ್ಚಿದೆ.
ಒಳಗೆ ಪೆನ್ಸಿಲಿನ ಬರಹ:
ಇಡ್ವಲ್. ಮಾರ್ಚ್ ೧೯೬೪. ಹಿಮ.

ನನ್ನ ಗುರು. ಬೆಥೆಸ್ಡಾದ ಅರ್ಧ ಊರಿಗೆ ಬೆಳಕು ಎಳೆದವನು.
ಸ್ಲೇಟುಗಣಿಯ ಗಂಡಸರು ಮೇಣದಬತ್ತಿ ಊದಿ ಆರಿಸಿ
ಸ್ವಿಚ್ಚಿಗೂ ಒಮ್ಮೆ ಊದಿದರಂತೆ,
ಅವನೇ ಹೇಳಿ ಅವನೇ ನಗುತ್ತಿದ್ದ.
ತಂತಿಯನ್ನು ಬಾಗಿಸಿದ್ದಾನೆ ನೋಡಿ,
ಮಗುವಿನ ತಲೆ ಬಾಚಿದ ಹಾಗೆ, ಒಂದೂ ಎಳೆ ಹೊರಗಿಲ್ಲ.
ಮೀಟರು ಹಿಡಿದೆ. ಇನ್ನೂರು ಮೆಗಾ ಓಮು.
ಅರವತ್ತು ವರ್ಷದ ಮೇಲೂ ಸೋರಿಕೆ ಇಲ್ಲ.

ದೀಪದ ಸಾಲಿಗೆ ನೆಲದ ತಂತಿ ಇಲ್ಲವೇ ಇಲ್ಲ.
ಅಂದು ಯಾರೂ ಕೇಳಿರಲಿಲ್ಲ.
ಸ್ವಿಚ್ಚುಗಳೆಲ್ಲ ಪ್ಲಾಸ್ಟಿಕ್ಕು. ಬರೆದುಕೊಂಡೆ: ದರ್ಜೆ ಮೂರು,
ಸುಧಾರಿಸಿದರೆ ಒಳ್ಳೆಯದು.
"ಹಿತ್ತಾಳೆಯ ದೀಪ ಗೀಪ ತೂಗುಹಾಕಬೇಡಿ" ಅಂದೆ.
ಅವಳು ಅಟ್ಟದ ಕಡೆ ನೋಡಿದಳು. ಅಲ್ಲೊಂದು ಇದೆ ಅಂತ ಕಾಣುತ್ತದೆ.

ಆಮೇಲೆ ಹಿಂಗೋಣೆ.
ಬಟ್ಟೆ ಒಗೆಯುವ ಯಂತ್ರದ ಹಿಂದಿನ ಸಾಕೆಟ್ಟಿನಲ್ಲಿ
ಮುಳ್ಳು ಬಿತ್ತು. ಸೊನ್ನೆಯ ಪಕ್ಕಕ್ಕೇ ಬಿತ್ತು.
ನೆಲದ ಹಲಗೆ ಎತ್ತಿದೆ.
ಡಬ್ಬಿ ಇಲ್ಲದ ಜೋಡಣೆ,
ತಿರುಚಿ ಸುತ್ತಿದ ಕಪ್ಪು ಟೇಪು, ಅದರೊಳಗೆ
ತಾಮ್ರಕ್ಕೆ ಪಾಚಿಬಣ್ಣ, ಹಲಗೆಯ ಅಡಿಗೆ ಸುಟ್ಟ ಕಂದು ಉಂಗುರ.

ಟೇಪನ್ನು ಎಡಕ್ಕೆ ಸುತ್ತುವವರು ಕಡಿಮೆ.
ನಾನು ಎಡಗೈಯವನು.

ಎಂಬತ್ತಮೂರು. ಹದಿನಾರು ವಯಸ್ಸು, ಶನಿವಾರ, ಮೂರಕ್ಕೆ ಪಂದ್ಯ.
ಇಡ್ವಲ್ ವ್ಯಾನಿನಿಂದ ಕೂಗಿದ್ದ: "ಡಬ್ಬಿ ಹಾಕಿದೆಯಾ?"
ಹಾಕಿದೆ ಅಂದಿದ್ದೆ.
ಅವನು ಒಳಗೆ ಬಂದು ನೋಡಲಿಲ್ಲ.
ನೋಡದಿದ್ದದ್ದು ನಂಬಿಕೆಯೋ, ಮಂಡಿನೋವೋ.
ಯಾರು ಗೆದ್ದರು ಅನ್ನುವುದು ಈಗ ನೆನಪಿಲ್ಲ.

"ಅದು ಚಿಕ್ಕಮ್ಮನ ಕಾಲದ್ದಾ?" ನೆಸ್ಟಾ ಬಗ್ಗಿ ನೋಡಿದಳು.
"ಹೂಂ."
"ಹಳೇ ಕೆಲಸ ಅಂದರೆ ಹೀಗೇ, ಅಲ್ವಾ?"

ಇಲ್ಲ, ಹೀಗಲ್ಲ.
ಇದು ಅಂದಿಗೂ ಸರಿಯಿರಲಿಲ್ಲ, ಅಂದೆ.
ಕೆಂಪು ಪುಸ್ತಕಕ್ಕೂ ಸರಿಯಲ್ಲ, ಅದರ ಅಜ್ಜ ಪುಸ್ತಕಕ್ಕೂ.
ಪೆಟ್ಟಿಗೆಯಲ್ಲಿ ಹೆಸರು ಬರೆದವನದ್ದಲ್ಲ ಇದು.
ಮತ್ತೆ ಯಾರದ್ದು ಅಂತ ಅವಳು ಕೇಳಲಿಲ್ಲ,
ಕೆಟಲ್ ಕೂಗುತ್ತಿತ್ತು.
ಕೇಳಿದ್ದರೆ?

ದರ್ಜೆ ಎರಡು, ಬರೆದೆ. ಅಪಾಯವಾಗಬಹುದು.
ಅಕ್ಷರ ಸ್ವಲ್ಪ ದೊಡ್ಡದೇ ಆಯಿತು.
ಮೇನ್ ಆರಿಸಿ, ಕೊಳೆತದ್ದನ್ನು ಕತ್ತರಿಸಿ ಹೊಸ ತಂತಿ ಎಳೆದು
ಡಬ್ಬಿ ಹಾಕಿದೆ. ಎರಡು ಸಲ ಎಳೆದು ನೋಡಿದೆ.
ಬಿಲ್ಲಿನಲ್ಲಿ ಅದೊಂದು ಸಾಲು ಖಾಲಿ.

"ಹಾಗಾದರೆ ಉಳಿದದ್ದು?"
ಉಳಿದದ್ದು ಇರಲಿ. ಹೆಬ್ಬೆರಳಿನಷ್ಟು ಸಾಧನ ಒಂದಿದೆ,
ಕರೆಂಟು ಮೈ ಹೊಕ್ಕರೆ ಕಣ್ಣು ಮಿಟುಕುವ ಮೊದಲೇ ಕಡಿಯುತ್ತದೆ.
ಕಾನೂನು ಕೇಳಲಿಲ್ಲ, ನಾನು ಕೇಳುತ್ತೇನೆ, ಹಾಕಿಸಿ.
ಅವಳು ಲೆಕ್ಕ ಹಾಕಿದಳು. ಬೇಸಿಗೆಯಲ್ಲಿ, ಅಂದಳು.

ಮುಚ್ಚಳ ಮುಚ್ಚುವ ಮೊದಲು ಪೆನ್ಸಿಲು ತೆಗೆದೆ.
ಇಡ್ವಲನ ಹೆಸರಿನ ಕೆಳಗೆ ಬೇಕಾದಷ್ಟು ಜಾಗ ಇತ್ತು.
ಇವತ್ತಿನ ತಾರೀಕು ಹಾಕಿದೆ.
ಮಳೆ, ಅಂತ ಬರೆದೆ.
ಹೆಸರು ಬರೆಯಲು ಹೋದರೆ
ಬೆರಳಿಗೆ ಆ ಟೇಪಿನ ಅಂಟು ಇನ್ನೂ ಹತ್ತಿಕೊಂಡಿತ್ತು.